ತಣ್ಣಗಾಗುವವರೆಗೆ

ಬೆಳಗಿನ ಆರೂವರೆ. ಕುಟಾಯಿಸಿಯ ಬೀದಿದೀಪ ಇನ್ನೂ ಆರಿಲ್ಲ.
ನಾನು ಗ್ಯಾರೇಜಿನ ಬಾಗಿಲೆತ್ತುವ ಮೊದಲೇ
ವಾರ್ಲಾಮ್ ಕಾರು ತಂದು ನಿಲ್ಲಿಸಿದ್ದಾನೆ, ತೊಳೆದು, ಒರೆಸಿ,
ಎರಡನೇ ಸಂಬಂಧದ ಮದುಮಗನ ಹಾಗೆ.
ಪಕ್ಕದಲ್ಲಿ ಕೊಳ್ಳಲು ಬಂದ ನೆಸ್ತಾನ್,
ತ್ಕಿಬುಲಿಯ ಆಸ್ಪತ್ರೆಯಲ್ಲಿ ದಾದಿ.
ರಾತ್ರಿಪಾಳಿ ಅವಳ ಕಣ್ಣಿನಿಂದ ಇನ್ನೂ ಇಳಿದಿಲ್ಲ.

ಅವಳ ಕೈಯಲ್ಲೊಂದು ಹಾಳೆ.
ಔಷಧಿಚೀಟಿ ಓದುವವರ ಎಚ್ಚರದಲ್ಲಿ ಓದುತ್ತಾಳೆ:
ಸಾವಿರದ ಐನೂರ ತೊಂಬತ್ತೆಂಟು ಸಿಸಿ.
ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್.
ನಿಮಿಷಕ್ಕೆ ಆರು ಸಾವಿರ ಸುತ್ತಿನಲ್ಲಿ ನೂರಿಪ್ಪತ್ತು ಕುದುರೆ.
ಹತ್ತೂವರೆ ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತುವ ಪಿಸ್ಟನ್.
ಓಡಿದ್ದು ಎಂಬತ್ತೆರಡು ಸಾವಿರ ಕಿಲೋಮೀಟರು.

ಹಾಳೆ ಅಂದರೆ ಜಾತಕ.
ಹುಟ್ಟಿದ ಗಳಿಗೆ ಅದಕ್ಕೆ ಗೊತ್ತು,
ಆಮೇಲೆ ಯಾರ ಕೈಗೆ ಬಿತ್ತು, ಯಾವ ಚಳಿಗಾಲ
ಯಾರು ಎಣ್ಣೆ ಬದಲಿಸದೆ ನಾಳೆ ನಾಳೆ ಅಂದರು,
ಅದು ಬರೆದಿರುವುದಿಲ್ಲ.

ಬಾನೆಟ್ ಮೇಲೆ ಅಂಗೈಯಿಟ್ಟೆ.
ಬೆಚ್ಚಗಿತ್ತು.

'ಮನೆಯಿಂದ ಓಡಿಸಿಕೊಂಡು ಬಂದೆನಲ್ಲ' ಎಂದ ವಾರ್ಲಾಮ್.
ಅವನ ಮನೆ ಮುಂದಿನ ತಿರುವಿನಲ್ಲಿ, ಇನ್ನೂರು ಹೆಜ್ಜೆ.
ಬಿಸಿ ಎಂಜಿನ್ ಅಂದರೆ ನೆಂಟರ ಮುಂದಿನ ಮಗು,
ಎಷ್ಟು ವಿನಯ! ಒಂದು ಕೆಮ್ಮೂ ಇಲ್ಲ.
'ತಣ್ಣಗಾಗಲಿ' ಎಂದೆ.
ಮೂರು ಗಂಟೆ.

ಒಲೆ ಹಚ್ಚಿದೆ. ಕಾಳು ತುಂಬಿದ ರೊಟ್ಟಿ ಹರಿದು ಹಂಚಿದೆ.
'ಈ ತಳಿಗೆ ಬರುವ ಕಾಯಿಲೆ ಯಾವುವು?' ಕೇಳಿದಳು ನೆಸ್ತಾನ್.
ಅವಳು ಹಾಗೇ ಕೇಳಿದಳು, ತಳಿ ಅಂತ.
ಹೇಳಿದೆ. ಲಕ್ಷ ದಾಟಿದರೆ ಪಿಸ್ಟನ್ ರಿಂಗು ಅಂಟಿ
ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಕುಡಿಯುತ್ತದೆ,
ನೀಲಿ ಹೊಗೆ, ಹಿಂದಿನ ಗಾಡಿಯವನ ಬೈಗುಳ.
ಥರ್ಮೋಸ್ಟಾಟಿನ ಗೂಡು ಪ್ಲಾಸ್ಟಿಕ್ಕು, ಬಿರಿಯುತ್ತದೆ,
ನೀರು ಕಾಣದಂತೆ ತೊಟ್ಟಿಕ್ಕಿ ಮುಳ್ಳು ಕೆಂಪಿಗೇರುತ್ತದೆ.
ಮಳೆ ಬಂದ ದಿನ ಒಂದು ಕಾಯಿಲ್ ಸತ್ತು
ನಾಲ್ಕು ಕಾಲಿನಲ್ಲಿ ಒಂದು ಕುಂಟು.
ಎಣ್ಣೆಯ ಮುಚ್ಚಳ ತೆಗೆದು ತೋರಿಸಿದೆ:
ಇಲ್ಲಿ ಮಜ್ಜಿಗೆಯಂಥ ನೊರೆ ಕಂಡರೆ
ನೀರು ಎಣ್ಣೆ ಕೂಡಿಕೊಂಡಿವೆ ಎಂದರ್ಥ,
ಹಾಗೆ ಕಂಡರೆ ಕೊಳ್ಳದೆ ಎದ್ದುಬಿಡು.
ಇದರಲ್ಲಿ ನೊರೆಯಿಲ್ಲ. ಅದೊಂದು ಪುಣ್ಯ.

'ಮತ್ತೆ?'
'ಟೈಮಿಂಗ್ ಚೈನು' ಎಂದೆ, ಅಷ್ಟಕ್ಕೇ ಬಿಟ್ಟೆ.

ಹೊರಗೆ ಹಿಮ ಸಣ್ಣಗೆ ಉದುರತೊಡಗಿತ್ತು.
ಒಳಗೆ ಎಂಜಿನ್ ಟಿಕ್, ಟಿಕ್ ಎಂದು
ಕಬ್ಬಿಣ ಕುಗ್ಗುವ ಸದ್ದು,
ಆಮೇಲೆ ಅದೂ ನಿಂತಿತು.
ವಾರ್ಲಾಮ್ ರೊಟ್ಟಿ ಕೈಯಲ್ಲೇ ಹಿಡಿದು ಕೂತಿದ್ದ.

'ಮುನ್ನೂರ ಹತ್ತು' ಎಂದ, ಯಾರೂ ಕೇಳದೆ.
'ಸಾವಿರ. ರಿಕೋಟಿ ಕಣಿವೆ ದಿನಕ್ಕೆ ಎರಡು ಸಲ,
ಹನ್ನೊಂದು ವರ್ಷ, ಆರು ಜನ, ಹಿಟ್ಟಿನ ಚೀಲ,
ಒಮ್ಮೆ ಹೆರಿಗೆ ನೋವಿನವಳು, ಬದುಕಿದ್ದಾಳೆ.
ಲ್ಯಾಪ್‌ಟಾಪಿನ ಹುಡುಗ ಹತ್ತು ನಿಮಿಷದಲ್ಲಿ ತಿರುಗಿಸಿದ,
ನಲವತ್ತು ಲಾರಿ ತಗೊಂಡ.'
ತನ್ನ ಮೊಣಕಾಲು ತಟ್ಟಿಕೊಂಡ:
'ಇದನ್ನೂ ಹಿಂದಕ್ಕೆ ತಿರುಗಿಸುತ್ತೀಯಾ ಅಂತ ಕೇಳಿದೆ.
ನಗಲಿಲ್ಲ ಅವನು.'

ನೆಸ್ತಾನ್ ಏನೂ ಅನ್ನಲಿಲ್ಲ.
ಎದ್ದು ಹೋಗುತ್ತಾಳೆ ಅಂದುಕೊಂಡೆ.
ಹೋಗಿ ಬಾನೆಟ್ ಮೇಲೆ ಕೈಯಿಟ್ಟಳು,
ಜ್ವರ ನೋಡುವಾಗ ಹಣೆಗಿಡುವಂತೆ, ಕೈ ಮಗುಚಿ.
'ತಣ್ಣಗಾಗಿದೆ. ಹಚ್ಚಿ.'

ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ನನ್ನ ಕಿವಿಗೆ.
ಅದು ಬೇಕಾಗಲಿಲ್ಲ. ಕೀ ತಿರುಗಿದ್ದೇ
ಮೊರದಲ್ಲಿ ಕಲ್ಲು ಕೇರಿದ ಹಾಗೆ
ಗರಗರ ಗರಗರ, ಗೋಡೆಯ ಪಾನಾಗಳಿಗೂ ಕೇಳಿಸುವಂತೆ,
ಆಮೇಲೆ ಎಣ್ಣೆ ಮೇಲೇರಿ, ಚೈನು ಬಿಗಿದು,
ನೆಂಟರು ಬಂದರು, ಮಗು ಸುಮ್ಮನಾಯಿತು.

'ಮೂರು ಸೆಕೆಂಡು' ಎಂದಳು ನೆಸ್ತಾನ್.
ನಾಡಿ ಎಣಿಸುವವಳ ಗಡಿಯಾರ ಅವಳದು.
'ಚೈನಿಗೆಷ್ಟು?'
ಹೇಳಿದೆ, ಕೂಲಿ ಸೇರಿಸಿ.
ಹಾಳೆಯ ಬೆನ್ನಿಗೆ ಕಳೆಯುವ ಲೆಕ್ಕ ಬರೆದಳು.
ಮುಂಭಾಗ ತಿರುಗಿಸಿ, ಎಂಬತ್ತೆರಡಕ್ಕೆ ಗೀಟೆಳೆದು
ಮುನ್ನೂರ ಹತ್ತು ಎಂದು ತಿದ್ದಿದಳು.
ವಾರ್ಲಾಮ್ ಒಮ್ಮೆ ಮೂಗು ಒರೆಸಿಕೊಂಡು ಒಪ್ಪಿದ.

ಕೀ ಕೊಡುವಾಗ ಮಾತ್ರ
ಕೈ ಬಿಡದೆ ಕ್ಷಣ ಹಿಡಿದೇ ನಿಂತ.
'ತ್ಕಿಬುಲಿಯ ಇಳಿಜಾರಿನಲ್ಲಿ' ಎಂದ,
'ಬ್ರೇಕು ಕಾಯುತ್ತದೆ, ನಂಬಬೇಡ.
ಎರಡನೇ ಗೇರಿಗೆ ಹಾಕು, ಕಾಲು ತೆಗೆ.
ಎಂಜಿನ್ ಹಿಡಿದುಕೊಳ್ಳುತ್ತದೆ.'