ಹಸಿ ಸದ್ದು, ಒಣ ಸದ್ದು

ಕ್ಯಾತಮಾರನಹಳ್ಳಿ ಶಾಲೆಯ ಹಿಂಬದಿ
ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ ನಮಗೆ ಸಿಕ್ಕಿತು.
ಗೋಡೆಗೆ ಮೊಟ್ಟೆಯ ಟ್ರೇ, ಬಾಗಿಲಿಗೆ ಜಮಖಾನ,
ಕಿಟಕಿಗೆ ಹೆಡ್‌ಮೇಡಮ್ಮು ಕೊಟ್ಟ ಹಳೇ ಹಾಸಿಗೆ.
ಒಂದು ಮೈಕು, ಎರಡು ಹೆಡ್‌ಫೋನು,
ಎಂಟನೇ ಕ್ಲಾಸಿನ ಹದಿನೇಳು ಜನ.
ಹೆಗ್ಗಣ ಈಗಲೂ ಬರುತ್ತದೆ, ಹಳೇ ಅಭ್ಯಾಸ.

ಮೊದಲ ಪಾಠ: ಮೂವತ್ತು ಸೆಕೆಂಡು ಸುಮ್ಮನಿರುವುದು.
ಕೆಂಪು ದೀಪ ಹತ್ತಿದ ಮೇಲೆ ಯಾರೂ ಉಸಿರೆತ್ತಬಾರದು.
ಐದನೆಯದಕ್ಕೆ ಡೆನ್ಸಿಲ್ ನಕ್ಕ,
ಹನ್ನೊಂದಕ್ಕೆ ಯಾರದೋ ಹೊಟ್ಟೆ ಗುರ್ ಎಂದಿತು,
ಆಮೇಲೆ ಬೆನ್ನುಗಳೆಲ್ಲ ನಡುಗತೊಡಗಿದವು.
ಪರದೆಯಲ್ಲಿ ತೋರಿಸಿದೆ:
ಸುಮ್ಮನಿದ್ದೆವು ಅಂದುಕೊಂಡಿದ್ದೂ ಹೀಗೆ ಕಾಣುತ್ತದೆ,
ಬಾಚಣಿಗೆಯ ಹಲ್ಲಿನ ಹಾಗೆ, ಸಣ್ಣಕ್ಕೆ.
ಟ್ಯೂಬ್‌ಲೈಟಿನ ಗುಂಯ್,
ಮೇಲಿನ ಕ್ಲಾಸಲ್ಲಿ ಬೆಂಚು ಎಳೆದದ್ದು,
ಮಹದೇವಪುರ ರಸ್ತೆಯಲ್ಲಿ ಆಟೋ ಕೆಮ್ಮಿದ್ದು.

ಎರಡನೇ ವಾರ ಮಾರ್ದನಿ.
ಗುಂಡಿ ಈ ಕಡೆ ತಿರುಗಿಸಿದರೆ ಡ್ರೈ, ಆ ಕಡೆ ವೆಟ್ಟು,
ಅನ್ನುವಷ್ಟರಲ್ಲಿ ಸಿದ್ದಪ್ಪಾಜಿ ಎದ್ದು ನಿಂತು
ಪಾಲಿಕೆ ಗಾಡಿಯ ಮೈಕಿನ ದನಿಯಲ್ಲೇ
'ಹಸಿ ಕಸ ಒಣ ಕಸ ಬೇರೆ ಬೇರೆ ಮಾಡಿ ಕೊಡಿ' ಅಂದ.
ಅದನ್ನೇ ರೆಕಾರ್ಡ್ ಮಾಡಿದೆವು.
ಒಣಗಿಸಿದಾಗ ಕಿವಿಯೊಳಗೇ ಬಂದು ಕೂತ,
ನೆನೆಸಿದಾಗ ಟೌನ್‌ಹಾಲಿನಲ್ಲಿ ಭಾಷಣ ಬಿಗಿದ.
ಇನ್ನೂ ನೆನೆಸಿ ಸಾರ್, ಇನ್ನೂ, ಅಂದರು.
ಕೊನೆಗೆ ಕಸವೆಲ್ಲ ಕರಗಿ ಬರೀ ಸ್ಸ್ ಉಳಿಯಿತು.

ನನಗೆ ಇದನ್ನು ಯಾರೂ ಕೂರಿಸಿ ಕಲಿಸಿದ್ದಲ್ಲ.
ಅಪ್ಪನದು ಶಾಮಿಯಾನ, ಸೌಂಡ್ ಸಿಸ್ಟಮ್ಮು.
ಛತ್ರದ ಹಿಂದೆ ಆಂಪ್ಲಿಫೈಯರಿನ ಬೆಚ್ಚಗಿಗೆ ಮಲಗಿ
ಮೈಕು ಕುಂಯ್ ಅಂದರೆ ಎದ್ದು ಗುಂಡಿ ಇಳಿಸಬೇಕು,
ಇಳಿಸುವುದು ತಡವಾದರೆ ಕಪಾಳಕ್ಕೆ.
ಬೇಡದ ಸದ್ದು ಅಂದರೆ ನನಗೆ ಇವತ್ತಿಗೂ ಕೆನ್ನೆ ಚುರ್ ಅನ್ನುತ್ತದೆ.
ಹಾಗಾಗಿ ಮೂರನೇ ವಾರ, ಬಲು ಹುರುಪಿನಿಂದ,
ಸದ್ದು ಗುಡಿಸುವುದು ಹೇಗೆ ಅನ್ನುವ ಪಾಠ.

ಮನೆಯಿಂದ ಒಂದು ಹಾಡು ತನ್ನಿ ಅಂದಿದ್ದೆ.
ಶಗುಫ್ತಾ ಫೋನಿನಲ್ಲಿ ಅಮ್ಮಿಯನ್ನು ತಂದಿದ್ದಳು.
ಊದುಬತ್ತಿ ಹೊಸೆಯುತ್ತಾ ಹಾಡಿದ ಜೋಗುಳ,
ತಮ್ಮ ನಿದ್ದೆ ಹೋದ ಮೇಲೂ ನಿಲ್ಲದ್ದು.
ಹಾಡಿನ ಅಡಿಯಲ್ಲಿ ಉದ್ದಕ್ಕೂ
ಸರ್... ಸರ್...
ಮಣೆಯ ಮೇಲೆ ಕಡ್ಡಿ ಉರುಳುವುದು.

ನೋಡಿ, ಯಾವುದು ಕಸ ಅಂತ ಯಂತ್ರಕ್ಕೆ ನಾವೇ ಹೇಳಿಕೊಡಬೇಕು.
ಹಾಡಿಲ್ಲದ ಎರಡು ಸೆಕೆಂಡು ಆರಿಸಿ
ಕಲಿ ಅಂದೆ. ಕಲಿಯಿತು, ನಿಮಗಿಂತ ಬೇಗ.
ತೆಗೆ ಅಂದೆ.
ದನಿಯೊಂದೇ ಉಳಿಯಿತು,
ಬಾವಿಯಿಂದ ಸೇದಿದ ಹಾಗೆ, ತಣ್ಣಗೆ.
ಹದಿನಾರು ಜನ ಚಪ್ಪಾಳೆ ತಟ್ಟಿದರು.

ಶಗುಫ್ತಾ ಹೆಡ್‌ಫೋನು ಒತ್ತಿ ಹಿಡಿದು ಇನ್ನೊಮ್ಮೆ ಕೇಳಿದಳು.

'ಅಮ್ಮಿ ಕೈ ಎಲ್ಲಿ ಹೋಯ್ತು ಸಾರ್?'

ಸ್ಪಷ್ಟತೆ ಗಿಷ್ಟತೆ ಅಂತ ನಾನೇನೋ ಶುರು ಮಾಡಿದೆ.
'ಕೈ ನಿಂತರೆ ಅಮ್ಮಿ ಹಾಡಲ್ಲ ಸಾರ್.
ಒಂದು ಸಾಲಿಗೆ ನಾಲ್ಕು ಕಡ್ಡಿ. ಲೆಕ್ಕ ತಪ್ಪೋದಿಲ್ಲ
ಅಂತಲೇ ಹಾಡೋದು.'

ಎಣಿಸಿದೆ. ನಾಲ್ಕು. ಮತ್ತೆ ನಾಲ್ಕು.
ನಾನು ಗುಡಿಸಿ ಹೊರಗೆ ಹಾಕಿದ್ದು ತಾಳ.

ಹಿಂದಕ್ಕೆ ಕರೆಯುವ ಗುಂಡಿ ಒತ್ತಿದೆ, ಎರಡು ಸಲ.
ಕರೀ ಮಸಾಲೆ ಮೆತ್ತಿದ ಬೆರಳು ವಾಪಸ್ಸು ಬಂತು.
ಸಿದ್ದಪ್ಪಾಜಿ ಬೆಂಚಿಗೆ ಅಂಗೈ ಉಜ್ಜಿ ಜೊತೆಗೂಡಿದ,
ಡೆನ್ಸಿಲ್ ಜಾಮಿಟ್ರಿ ಬಾಕ್ಸಿನಲ್ಲಿ ಏನೋ.
ಮಾರ್ದನಿಯ ಗುಂಡಿ ಮಾತ್ರ ಅವಳೇ ಹಿಡಿದಳು.
'ಸ್ವಲ್ಪ ಹಸಿ ಇರಲಿ ಸಾರ್,
ಹೊಸೆಯೋವಾಗ ಹಸಿಯೇ ಇರೋದು.'

ಅಷ್ಟರಲ್ಲಿ ಕೆಂಪಮ್ಮ ಬೆಲ್ಲು ಹೊಡೆದರು,
ಗೆರೆ ಕೆಂಪಗಾಗಿ ತಲೆ ಚಚ್ಚಿಕೊಂಡಿತು.
ಅದನ್ನೂ ತೆಗೆಯಲಿಲ್ಲ.
ಫೈಲಿಗೆ ಹೆಸರೇನು ಅಂತ ಯಂತ್ರ ಕೇಳಿತು.
ಬ್ಯಾಗು ಹೆಗಲಿಗೇರಿಸಿ, ಒಂದೇ ಬೆರಳಲ್ಲಿ
ಅವಳು ಕುಟ್ಟಿದಳು:
ಅಮ್ಮಿ ಕೈ ಒಂದು.