ಹತ್ತೊಂಬತ್ತನೇ ಹಂತ

ನವನಗರದ ಕಾಲುವೆ ಆಫೀಸು, ಎರಡನೇ ಮಹಡಿ.
ಹೊರಗೆ ಸೆಕ್ಟರ್ ನಂಬರಿನ ಬೀದಿಗಳು ಮಲಗಿವೆ,
ಒಳಗೆ ನಾನು, ಸರ್ವರಿನ ಫ್ಯಾನು,
ಮೂವತ್ತೆಂಟು ಜಿಬಿಯ ಒಂದೇ ಒಂದು ಚಿತ್ರ:
ಗುರುವಾರ ಹತ್ತೂವರೆಗೆ
ಆಕಾಶ ಕಂಡ ಘಟಪ್ರಭೆಯ ದಂಡೆ.

ಇಡಿಯಾಗಿ ಕಳಿಸಿದರೆ
ತುಳಸಿಗೇರಿ ದಾಟುವಷ್ಟರಲ್ಲಿ ಕಬ್ಬು ಕಟಾವಿಗೆ ಬರುತ್ತದೆ.
ಅದಕ್ಕೇ ಕತ್ತರಿ.
ಇನ್ನೂರೈವತ್ತಾರು ಚುಕ್ಕಿ ಉದ್ದ, ಅಷ್ಟೇ ಅಗಲ.
ಕೇಳಿದವರ ಅಂಗೈ ಅಗಲಕ್ಕೆ
ಎಷ್ಟು ಚೌಕ ಬೇಕೋ ಅಷ್ಟೇ ಹೊರಡಲಿ,
ಉಳಿದ ಜಿಲ್ಲೆ ಕಪಾಟಿನಲ್ಲಿರಲಿ.

ಕಲಾದಗಿಯಾಚೆ
ಟವರಿನ ಒಂದೇ ಕಡ್ಡಿ ಸಿಗುವ ಊರಲ್ಲಿ
ನೀರಗಂಟಿ ದುಂಡಪ್ಪ ಮಾಳಿಗೆ ಹತ್ತಿ ಫೋನು ಎತ್ತಿ ಹಿಡಿಯುತ್ತಾನೆ.
ಮೊದಲು ಬರೀ ಮಸುಕು,
ಕಿವುಚಿದ ಹಸಿರು, ಸುಣ್ಣದ ಒಂದು ಗೆರೆ.
ಅವನಿಗೇನೂ ಅವಸರವಿಲ್ಲ.
ಕಾಲುವೆಗೆ ನೀರು ಬಿಟ್ಟಾಗಲೂ
ಮೊದಲು ಬರುವುದು ಸಪ್ಪಳ, ಹಿಂದೆ ನೊರೆ, ಆಮೇಲೆ ನೀರು.
ಒಂದು ಚೌಕ ಕೂತಿತು. ಇನ್ನೊಂದು.
ಮೂಲೆಯದು ತಡ ಮಾಡಿತು; ಅವನ ತೂಬಿರುವುದು ಅದರಲ್ಲೇ.

ಆಮೇಲೆ ಫೋನು ಮಾಡಿದ:
"ಬಂತ್ರೀ ಮೇಡಂ, ತೂಬಿನ ಬಾಯಿ ಕಾಣಾಕತ್ತೈತಿ.
ಮಗ್ಗಲ ಮಾಳಿಗಿ ಮ್ಯಾಲೆ ಕೆಂಪಂದು ಕಾಣ್ತದಲ್ರೀ,
ಅದು ನಮ್ಮ ಸಾಬವ್ವನ ಕೌದಿ."

ಹುಡುಕಿದೆ. ಹೌದು.
ಹದಿನೆಂಟನೇ ಹಂತದಲ್ಲಿ ಆರೇಳು ಚುಕ್ಕಿ ಕೆಂಪು.
ಹದಿನೇಳಕ್ಕೆ ಸರಿದೆ,
ನಾಲ್ಕು ಸೇರಿ ಒಂದಾಗುವ ಲೆಕ್ಕ.
ಕೆಂಪು ಮಾಳಿಗೆಯ ಮಣ್ಣಿಗೆ ಒರಗಿತು.
ಹದಿನಾರಕ್ಕೆ ಬೇವಿನ ನೆರಳು, ಕಣಿಕೆ ಬಣವೆ
ಎಲ್ಲ ಕೂಡಿಸಿ ಭಾಗಿಸಿ
ಹುರಿಗಡಲೆ ಬಣ್ಣ.
ಒಂಬತ್ತಕ್ಕೆ ಇಡೀ ಊರೇ ಒಂದು ಚುಕ್ಕಿ.

ಕೆಂಪು ಎಲ್ಲಿಗೆ ಹೋಯಿತು?
ಹಾಳೆ ತೆಗೆದು ಲೆಕ್ಕ ಹಾಕಿದೆ.
ದಶಾಂಶದ ಮೂರನೇ ಮನೆಯಲ್ಲಿತ್ತು.
ಯಂತ್ರ ಅಲ್ಲಿಯ ತನಕ ಹೋಗಿ ಬಾಗಿಲು ಬಡಿಯುವುದಿಲ್ಲ.

ಮುಂದಿನ ವಾರ ತೂಬು ಅಳೆಯಲು ಹೋದಾಗ
ಸಾಬವ್ವ ಅದನ್ನೇ ಕಟ್ಟೆಗೆ ಹಾಸಿ "ಕುಂದರವಾ" ಅಂದಳು.
ಕೂತು ನೋಡಿದರೆ ಅದು ಕೆಂಪೇ ಅಲ್ಲ.
ಇಳಕಲ್ಲ ಸೀರೆಯ ಸೆರಗಿನ ಚೂರು ಕೆಂಪು, ಅದು ಖರೆ,
ಆದರೆ ಪಕ್ಕದಲ್ಲೇ ಸಾಲಿ ಚಡ್ಡಿಯ ನೀಲಿ,
ಯಾರದೋ ಲುಂಗಿಯ ಚೌಕಳಿ,
ನಡುವೆ ಅರಿಸಿನ ಮಾಸಿದ ಒಂದು ಕುಬಸ.
"ಆಕಿ ನನ್ನ ತಂಗಿ" ಅಂದಳು
ಕುಬಸದ ತುಂಡಿನ ಮೇಲೆ ಬೆರಳಿಟ್ಟು.
ಮುಂದೆ ಹೇಳಲಿಲ್ಲ.

ಆರು ನೂರು ಕಿಲೋಮೀಟರ್ ಮೇಲೇ
ಕೂಡಿಸಿ ಭಾಗಿಸಿ ಆಗಿತ್ತು, ನನ್ನ ಕತ್ತರಿಗೂ ಮೊದಲೇ.
ಹತ್ತೊಂಬತ್ತನೇ ಹಂತ ಆಫೀಸಿನಲ್ಲಿಲ್ಲ.

ಚಹಾ ಬಂತು.
ತಂಗಿಯ ಮೇಲೆ ಚೆಲ್ಲದ ಹಾಗೆ
ಬಸಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.