ನಾಲ್ಕನೆಯ ವಾಕ್ಯ

ಕಾಜುಬಾಗದ ಬೇಕರಿ ಮೇಲೆ ಜರ್ಮನ್ ಕ್ಲಾಸು.
ತಲೆ ಎಣಿಸುತ್ತೇನೆ: ಸುಗಂಧಾ, ಮೆಲ್ವಿನ್, ಗೌಸಿಯಾ,
ಆಮೇಲೆ ನಾನು. ನನ್ನದು ನಾಲ್ಕನೆಯ ವಾಕ್ಯ.
ಬಿಸಿ ಬಟಾಟೆಯಂತೆ
ಅದನ್ನೇ ಬಾಯೊಳಗೆ ಹೊರಳಿಸುತ್ತಿದ್ದೆ.

ಗೌಸಿಯಾಗೆ ಕೆಮ್ಮು, ನೀರಿಗೆಂದು ಎದ್ದಳು.
ಮೂರನೆಯದು ನನ್ನ ಪಾಲಿಗೆ ಬಂತು:
ಸಮುದ್ರ.
ಅವರಲ್ಲಿ ಅದೊಂದು ಪದ, ಹೆಣ್ಣಾದರೆ ಕಡಲು,
ಗಂಡಾದರೆ ಕೆರೆ.

ಬೆವರಿದ ಕೈಯಿಂದ ಪೆನ್ನು
ತಾರಲಿಯ ಹಾಗೆ ಜಾರಿತು.
ಬೈತಖೋಲದ ಧಕ್ಕೆಯಲ್ಲಿ ನಾಲ್ಕು ಭಾಷೆಯಲ್ಲಿ
ಚೌಕಾಸಿ ಮಾಡುವವಳು ನಾನು;
ಅಲ್ಲಿ ಯಾರೂ
ಕಡಲು ಗಂಡೋ ಹೆಣ್ಣೋ ಕೇಳಿಲ್ಲ.

ಗಂಡು ಅಂದುಬಿಟ್ಟೆ.
ಹಿಂದೆ ಯಾರೋ ಕಿಸಕ್ಕೆಂದರು.
"ಕೆರೆಯಾಯ್ತಲ್ಲ," ಅಂದರು ಸರ್, ನಗದೆ.

ಕಿಟಕಿಯಾಚೆ, ಒಂದು ನಿಮಿಷ, ಅಪ್ಪ
ಅಲೆಯೇ ಇಲ್ಲದ ನೀರಿಗೆ ಬಲೆ ಬಿಟ್ಟ.

ಗೌಸಿಯಾ ಬಾಯಿ ಒರೆಸುತ್ತ ಬಂದಳು:
"ನಿಂದಾಯ್ತಾ?"